ಸೋರದ ಮುಚ್ಚಳ

ಬೋಲ್ಟಿನ ತಲೆಗೆ ಆರು ಮೂಲೆಗಳಿದ್ದವು. ಹಿತ್ತಾಳೆಯದು, ಹೊಸದು. ಲೇಥಿನಲ್ಲಿ ಕಡೆದ ಸಣ್ಣ ಸುತ್ತುಗೆರೆಗಳು ಅದರ ಮೇಲೆ ಇನ್ನೂ ಹೊಳೆಯುತ್ತಿದ್ದವು. ಅಡಿಯಲ್ಲಿ ಒಂದು ಕೆಂಪು ವಾಷರು. ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಅದು ಬಿಗಿಯಾಗಿ ಕೂತಿತ್ತು. ನಾನು ಅದನ್ನು ಕಂಡಾಗ ಕುಕ್ಕರಿನ ಕೆಳಗೆ ಪಂಪ್ ಸ್ಟೌ ಹತ್ತಿಸಿ ಹನ್ನೊಂದು ನಿಮಿಷವಾಗಿತ್ತು, ಮೇಜಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಒತ್ತಿಕೊಂಡು ನಿಂತಿದ್ದರು.

ಆರ್.ಟಿ. ನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರಾಗಿ ಸೇರಿ ಆಗ ಏಳು ತಿಂಗಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಿದ್ದವು. ದಿನಕ್ಕೆ ಇಷ್ಟು ಗಂಟೆ ಎಂದು ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದರು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಹುಡುಗಿಯರು ದೊಡ್ಡ ಮಿಸ್ ಎಂದು ಕರೆಯುತ್ತಿದ್ದರು. ಅವರು ಒಂದು ಸೋಮವಾರ ನನ್ನನ್ನು ಕರೆದು, “ಎಲ್ಲರೂ ಕರೆಂಟ್ ಯಾಕೆ ಹೋಗುತ್ತೆ ಅಂತಾನೇ ಕೇಳ್ತಾರೆ. ಅದು ಎಲ್ಲಿಂದ ಬರುತ್ತೆ ಅಂತ ನೀವು ತೋರಿಸಿ. ಈ ಸಲದ ವಸ್ತುಪ್ರದರ್ಶನಕ್ಕೆ ಅದೇ ಇರ್ಲಿ,” ಎಂದರು.

ನಾನು ನಾಲ್ಕು ಮೇಜುಗಳನ್ನು ಯೋಚಿಸಿದೆ: ನೀರು, ಕಲ್ಲಿದ್ದಲು, ಡೀಸೆಲ್, ಅಣು. ಈ ನಾಲ್ಕೂ ಹೊರಗಿನಿಂದ ನೋಡಲು ಬೇರೆ ಬೇರೆ, ಆದರೆ ಕೊನೆಗೆ ಎಲ್ಲ ಕಡೆಯೂ ಒಂದು ಅಚ್ಚು ತಿರುಗಬೇಕು, ಆ ಅಚ್ಚು ಅಯಸ್ಕಾಂತವನ್ನೋ ತಂತಿಯ ಸುರುಳಿಯನ್ನೋ ತಿರುಗಿಸಬೇಕು. ಅಚ್ಚನ್ನು ತಿರುಗಿಸುವವರು ಯಾರು ಎಂಬುದಷ್ಟೇ ವ್ಯತ್ಯಾಸ. ಎತ್ತರದಿಂದ ಬೀಳುವ ನೀರು ತಿರುಗಿಸಬಹುದು. ಕಲ್ಲಿದ್ದಲು ಉರಿಸಿ ಕಾಯಿಸಿದ ಹಬೆ ತಿರುಗಿಸಬಹುದು. ಡೀಸೆಲಿನಲ್ಲಿ ಹಬೆಯೇ ಬೇಡ, ಎಣ್ಣೆ ಸಿಲಿಂಡರಿನ ಒಳಗೇ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಅಣುವಿನ ಸ್ಥಾವರದಲ್ಲಿ ಪರಮಾಣುಗಳು ಒಡೆದ ಶಾಖದಿಂದ ಮತ್ತೆ ನೀರೇ ಕುದಿದು ಹಬೆಯಾಗುತ್ತದೆ. ಇದನ್ನು ಒಂಬತ್ತನೇ ತರಗತಿಯವರಿಗೆ ಹೇಳಿಕೊಟ್ಟೆ. ಅವರಿಗೆ ಅರ್ಥವಾಯಿತು. ನನಗೆ ಸಂತೋಷವಾಯಿತು, ಏಕೆಂದರೆ ನಾನು ಮಾತನಾಡುವಾಗ ಹಿಂದಿನ ಬೆಂಚಿಗೆ ಕೇಳಿಸುತ್ತಿತ್ತೋ ಇಲ್ಲವೋ ಎಂಬ ಭಯ ಆ ಏಳು ತಿಂಗಳೂ ನನ್ನ ಜೊತೆಗಿತ್ತು.

ಇನ್ನೊಂದು ಭಯವನ್ನೂ ಇಲ್ಲಿ ಹೇಳಬೇಕು. ಎಂ.ಎಸ್ಸಿ.ಯಲ್ಲಿದ್ದಾಗ ನಮ್ಮನ್ನು ಶರಾವತಿಯ ಕಡೆ ಒಂದು ವಿದ್ಯುದಾಗಾರಕ್ಕೆ ಕರೆದೊಯ್ದಿದ್ದರು. ಗುಡ್ಡದ ಮೇಲಿಂದ ಆಳೆತ್ತರದ ಕೊಳವೆಗಳು ನೇರವಾಗಿ ಇಳಿದು ಕಟ್ಟಡದೊಳಗೆ ಹೋಗುತ್ತಿದ್ದವು. ನೀರು ಎಲ್ಲೂ ಕಾಣುತ್ತಿರಲಿಲ್ಲ. ಒಳಗೆ ಹೋದರೆ ನುಣ್ಣನೆಯ ನೆಲ, ಹಸಿರು ಬಣ್ಣದ ಯಂತ್ರಗಳು, ಆಸ್ಪತ್ರೆಯಷ್ಟು ಶುಚಿ. ಆದರೆ ಚಪ್ಪಲಿಯ ಮೂಲಕ ಅಂಗಾಲಿಗೆ ಒಂದು ನಡುಕ ಬರುತ್ತಿತ್ತು. ನನ್ನ ಸಹಪಾಠಿಗಳು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು. ನಾನು ಬಾಗಿಲಿನ ಹತ್ತಿರವೇ ನಿಂತಿದ್ದೆ. ಅಷ್ಟು ದೊಡ್ಡ ಶಕ್ತಿಯನ್ನು ಕೊಳವೆಯಲ್ಲಿ ಹಿಡಿದಿಟ್ಟಿದ್ದಾರೆ, ಅದು ನನ್ನ ಕಾಲ ಕೆಳಗಿದೆ ಎನ್ನುವುದನ್ನು ಪುಸ್ತಕದಲ್ಲಿ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ.

ನೀರಿನ ಮೇಜು ಸುಲಭವಾಗಿ ಆಯಿತು. ಬೀರುವಿನ ಮೇಲೆ ಬಕೆಟ್, ಅದರಿಂದ ರಬ್ಬರ್ ಕೊಳವೆ, ಕೆಳಗೆ ಚಮಚಗಳನ್ನು ಕಟ್ಟಿದ ಚಕ್ರ. ಡೀಸೆಲಿಗೆ ಯಶವಂತಪುರದ ಗ್ಯಾರೇಜೊಂದರಿಂದ ಒಂದು ಹಳೆಯ ಪಿಸ್ಟನ್ ಸಿಕ್ಕಿತು. ಅಣುವಿಗೆ ಥರ್ಮೋಕೋಲ್. ಕಲ್ಲಿದ್ದಲಿಗೆ ಮಾತ್ರ ನಿಜವಾದ ಹಬೆ ಬೇಕು ಎಂದು ನಾನೇ ಹಟ ಮಾಡಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ, ವರ್ಷದಲ್ಲಿ ನಾಲ್ಕು ಸಲ ಬಾಯಿ ಬಿಟ್ಟಿದ್ದರೆ ಹೆಚ್ಚು, ಎದ್ದು ನಿಂತು, “ನಮ್ಮನೇಲಿ ಕುಕ್ಕರ್ ಇದೆ ಮಿಸ್, ತರ್ತೀನಿ,” ಎಂದಳು. ಅವರದು ಮನೆಯಲ್ಲಿ ಉರ್ದು ಮಾತನಾಡುವ ಕುಟುಂಬ. ಅವಳ ಮಾಮು, ಅಂದರೆ ಸೋದರಮಾವ, ದಾಸರಹಳ್ಳಿಯ ಹತ್ತಿರ ಲೇಥ್ ಕೆಲಸ ಮಾಡುತ್ತಾರೆ ಎಂದು ಅವಳ ಗೆಳತಿ ಹೇಳಿದಳು. ವೆಯ್ಟ್ ತೆಗೆದು ಆ ತೂತಿಗೆ ತಾಮ್ರದ ಕೊಳವೆ ಸಿಗಿಸಿದೆವು. ಹಬೆ ಚುರುಕಾಗಿ ಚಿಮ್ಮಲಿ ಎಂದು ಕೊಳವೆಯ ತುದಿಯನ್ನು ನಾನೇ ಇಕ್ಕಳದಿಂದ ಒತ್ತಿ ಕಿರಿದು ಮಾಡಿದೆ. ಅದರ ಮುಂದೆ ಡಬ್ಬಿಯ ತಗಡಿನಿಂದ ಕತ್ತರಿಸಿದ ಚಕ್ರ, ಚಕ್ರಕ್ಕೆ ಕೆಟ್ಟ ಟೇಪ್ ರೆಕಾರ್ಡರಿನ ಪುಟ್ಟ ಮೋಟಾರು. ಕರೆಂಟ್ ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ಅದು ಕರೆಂಟ್ ಕೊಡುತ್ತದೆ. ಕೊನೆಯಲ್ಲಿ ಒಂದು ಟಾರ್ಚ್ ಬಲ್ಬ್.

ಗುರುವಾರ ಪರೀಕ್ಷೆ ಮಾಡಿ ನೋಡಿದಾಗ ಬಲ್ಬ್ ಹತ್ತಲಿಲ್ಲ. ಹಳೆಯ ಸೇಫ್ಟಿ ವಾಲ್ವಿನ ಅಂಚಿನಿಂದ ಹಬೆ ಸುಯ್ ಎಂದು ಸೋರುತ್ತಿತ್ತು. ಚಕ್ರ ಅರೆಮನಸ್ಸಿನಿಂದ ಎರಡು ಸುತ್ತು ತಿರುಗಿ ನಿಂತಿತು. ಹುಡುಗಿಯರ ಮುಖ ಬಾಡಿತು. ನಾನು ಸೋರುತ್ತಿದ್ದ ಜಾಗವನ್ನು ಬೆರಳಿನಿಂದ ತೋರಿಸಿ, “ಇಲ್ಲಿ ಹೋಗ್ತಿರೋದ್ರಿಂದಲೇ ಚಕ್ರ ತಿರುಗ್ತಿಲ್ಲ. ಶನಿವಾರದೊಳಗೆ ಇದನ್ನ ಪೂರ್ತಿ ಮುಚ್ಚಿಸ್ಕೊಂಡು ಬಾ,” ಎಂದೆ.

ಈ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಹೊಸ ವಾಲ್ವ್ ಹಾಕಿಸು ಎನ್ನುವುದು ನನ್ನ ಉದ್ದೇಶವಾಗಿತ್ತು ಎಂದು ಹೇಳಿಕೊಳ್ಳಬಹುದು. ಅದು ಸುಳ್ಳು. ಆ ಹೊತ್ತಿನಲ್ಲಿ ಆ ತೂತು ಯಾಕಿದೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಸೋರಿಕೆ ಮಾತ್ರ ಕಂಡಿತ್ತು. ಗೋಡೆಗೆ ಅಂಟಿಸಲು ನಾನು ಬರೆದ ಚಿತ್ರಪಟದಲ್ಲಿ ಬಾಯ್ಲರ್, ಟರ್ಬೈನ್, ಜನರೇಟರ್, ಹಬೆಯನ್ನು ಮತ್ತೆ ನೀರು ಮಾಡುವ ಕಂಡೆನ್ಸರ್ ಎಲ್ಲ ಇದ್ದವು, ಬಾಣದ ಗುರುತುಗಳೂ ಇದ್ದವು. ಒತ್ತಡ ಮಿತಿ ಮೀರಿದರೆ ಹಬೆ ಎಲ್ಲಿಂದ ಹೊರಗೆ ಹೋಗಬೇಕು ಎಂಬುದು ಇರಲಿಲ್ಲ.

ಶನಿವಾರ ಬಲ್ಬ್ ಹತ್ತಿತು. ಹತ್ತಿದ್ದಷ್ಟೇ ಅಲ್ಲ, ನಾನು ಎಣಿಸಿದ್ದಕ್ಕಿಂತ ಬೆಳ್ಳಗೆ ಹತ್ತಿತು. ತಗಡಿನ ಚಕ್ರದ ರೆಕ್ಕೆಗಳು ಕಾಣದಷ್ಟು ಜೋರಾಗಿ ತಿರುಗುತ್ತಿದ್ದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಇಷ್ಟು ಬೆಳಕು ಎಲ್ಲಿಂದ ಬಂತು ಎಂದು ನಾನು ಕುಕ್ಕರಿನ ಕಡೆ ನೋಡಿದೆ. ಆಗಲೇ ಆ ಬೋಲ್ಟು ಕಂಡದ್ದು.

ಕೆಳಗೆ ಉರಿ ಭರ್ ಎನ್ನುತ್ತಿತ್ತು. ಹಬೆಗೆ ಹೊರಗೆ ಹೋಗಲು ಇದ್ದದ್ದು ನಾನು ಇಕ್ಕಳದಿಂದ ಕಿರಿದು ಮಾಡಿದ ತುದಿ ಒಂದೇ. ಅಲ್ಲಿ ಒಂದು ಅನ್ನದ ಅಗುಳು, ಒಂದು ಚೂರು ಕಿಲುಬು ಸಿಕ್ಕಿಕೊಂಡರೂ ಸಾಕಿತ್ತು. ಪ್ರಯೋಗಾಲಯಕ್ಕೆ ಬಾಗಿಲು ಒಂದೇ. ನಾನು ಓಡಿ ಎಂದು ಕೂಗಿದರೆ ಎಲ್ಲರೂ ಆ ಬಾಗಿಲಿಗೇ ನುಗ್ಗುತ್ತಾರೆ. ಅಲ್ಲದೆ ಕೂಗಿದರೆ ನನ್ನ ದನಿ ಏಳುತ್ತದೆಯೇ ಎಂಬುದೂ ಗೊತ್ತಿರಲಿಲ್ಲ. ನಾನು ಹುಡುಗಿಯರ ನಡುವೆ ತೂರಿ, ಬಗ್ಗಿ, ಸ್ಟೌವಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿದೆ. ಉರಿ ಒಂದೆರಡು ಸಲ ಬಿಕ್ಕಿ ಆರಿತು. ಆದರೆ ಬಲ್ಬ್ ಆರಲಿಲ್ಲ. ಚಕ್ರ ನಿಲ್ಲಲಿಲ್ಲ. ಒಳಗೆ ಅಷ್ಟು ತುಂಬಿಕೊಂಡಿತ್ತು.

ಸರಿಯಾಗಿ ಆಗಲೇ ದೊಡ್ಡ ಮಿಸ್ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಒಳಗೆ ಬಂದರು.

“ಯಾಕ್ರೀ ಆರಿಸ್ಬಿಟ್ರಿ? ಸಾಹೇಬ್ರು ಈಗ ತಾನೇ ಬಂದ್ರು.”

ಅಣುವಿನ ಮೇಜಿನ ಹುಡುಗಿ, ಕುಕ್ಕರ್ ತಂದವಳ ಗೆಳತಿ, ಬಾಯಿಬಡುಕಿ, ಅಲ್ಲಿಂದಲೇ ಹೇಳಿದಳು: “ಕಲ್ಲಿದ್ದಲು ವ್ಯಾಗನ್ ಬಂದಿಲ್ಲ ಸಾರ್.”

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. “ಸರಿಯಾಗೇ ಹೇಳ್ದೆ ಬಿಡಮ್ಮ. ನಿನ್ನದೇನು, ಅಣುನಾ? ಅದರಲ್ಲಿ ಹೇಗೆ?”

“ಇದೂ ನೀರು ಕಾಯ್ಸೋದೇ ಸಾರ್. ಒಲೆ ಮಾತ್ರ ಬೇರೆ.”

“ಇಷ್ಟೆಲ್ಲಾ ಮಾಡಿ ಬರೀ ನೀರು ಕಾಯ್ಸೋದಾ?”

“ಹೂಂ ಸಾರ್. ನಮ್ಮ ಬಚ್ಚಲುಮನೆ ಹಂಡೆ ತರಾನೇ. ಆದ್ರೆ ಬೂದಿ ಎಲ್ಲಿ ಚೆಲ್ಲಬೇಕು ಅಂತ ಯಾರಿಗೂ ಗೊತ್ತಿಲ್ಲ.”

ನಗು ಮತ್ತೆ ಎದ್ದು ಗುಂಪು ಅವಳ ಮೇಜಿನ ಕಡೆ ಸರಿಯಿತು. ನಾನು ಕುಕ್ಕರಿಗೂ ಹುಡುಗಿಯರಿಗೂ ನಡುವೆ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನೂರನಲವತ್ತು ಎಣಿಸುವ ಹೊತ್ತಿಗೆ ಬಲ್ಬು ಕೆಂಪಗಾಯಿತು, ಆಮೇಲೆ ತಂತಿ ಮಾತ್ರ ಕಂಡಿತು.

ಆಗಲೇ ಬೋಲ್ಟನ್ನು ತೆಗೆದುಬಿಡಬೇಕಿತ್ತು. ಮುಚ್ಚಳ ಮುಟ್ಟಲಾರದಷ್ಟು ಬಿಸಿಯಿತ್ತು, ದೊಡ್ಡ ಮಿಸ್ ಅಧಿಕಾರಿಯ ಜೊತೆ ಕಾಫಿಗೆ ನನ್ನನ್ನೂ ಕರೆದರು. ಅವರ ಕೊಠಡಿಯಲ್ಲಿ, “ನಮ್ಮ ಹೊಸ ಟೀಚರು, ಎಂ.ಎಸ್ಸಿ. ಫಸ್ಟ್ ಕ್ಲಾಸು,” ಎಂದು ಪರಿಚಯ ಮಾಡಿಸಿದರು. ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ತಿರುಗಿ ಬಂದಾಗ ಮೇಜಿನ ಮೇಲೆ ತಗಡಿನ ಚಕ್ರವೂ ತಾಮ್ರದ ಕೊಳವೆಯೂ ಇದ್ದವು. ಕುಕ್ಕರ್ ಇರಲಿಲ್ಲ.

“ತೊಳ್ಕೊಂಡು ತಗೊಂಡ್ಹೋದ್ಲು ಮಿಸ್,” ಎಂದಳು ಗೆಳತಿ. “ಸಂಜೆ ಒಳಗೆ ತಗೊಂಡ್ಬಾ ಅಂತ ಅವರಮ್ಮ ಹೇಳಿದ್ರಂತೆ. ನಾಳೆ ಅವರ ಮನೇಗೆ ಮಾಮು ಎಲ್ಲ ಊಟಕ್ಕೆ ಬರ್ತಾರೆ.”

“ಅದು ಹಳೇ ಕುಕ್ಕರ್ ಅಲ್ವಾ? ಅವರು ಬಳಸೋದು ಬೇರೆ ಇರ್ಬೇಕಲ್ಲ?”

“ಎಲ್ಲಿ ಮಿಸ್, ಅವರ ಮನೇಲಿರೋದೇ ಅದೊಂದು.”

ಮನೆ ಎಲ್ಲಿ ಎಂದು ಕೇಳಿದೆ. ಮಸೀದಿಯ ಹಿಂದಿನ ಬೀದಿ, ಹಸಿರು ಗೇಟು ಎಂದಳು. ಅಲ್ಲಿಗೆ ನಡೆದರೆ ಹತ್ತೇ ನಿಮಿಷ.

ನಾನು ಹೋಗಲಿಲ್ಲ. ಇದಕ್ಕೆ ನಾನು ಕೊಟ್ಟುಕೊಂಡ ಕಾರಣಗಳು ಹಲವು. ಯಲಹಂಕದ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಇವತ್ತು ಅವರು ಕುಕ್ಕರ್ ಇಡಲಿಕ್ಕಿಲ್ಲ. ಬೋಲ್ಟ್ ಹಾಕಿದವರು ಲೇಥ್ ಕೆಲಸದವರು, ಅವರೇ ಮತ್ತೆ ವಾಲ್ವ್ ಹಾಕಿಕೊಡುತ್ತಾರೆ. ನಿಜವಾದ ಕಾರಣ ಒಂದೇ. ಹೋದರೆ ಏನಾಯಿತೆಂದು ಹೇಳಬೇಕು. ಹೇಳಿದರೆ ಸೋಮವಾರದೊಳಗೆ ಅದು ದೊಡ್ಡ ಮಿಸ್ ಕಿವಿಗೆ ಬೀಳುತ್ತದೆ. ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿತ್ತು.

ಯಲಹಂಕದಲ್ಲಿ ನಾವಿದ್ದ ಮನೆಯಲ್ಲಿ ಆ ಸಂಜೆ ಕರೆಂಟ್ ತೆಗೆಯುವ ಸರದಿ. ನನ್ನ ತಾಯಿ ಲಾಟೀನಿನ ಬೆಳಕಿನಲ್ಲಿ ಕುಕ್ಕರಿಗೆ ಬೇಳೆ ಇಟ್ಟಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಬೇಳೆಯ ನೊರೆ ವೆಯ್ಟಿನ ಸುತ್ತ ಉಕ್ಕಿ ಒಣಗಿ ಹಳದಿ ಕಟ್ಟಿತ್ತು. ಬೇಳೆಯ ಒಂದು ಸಿಪ್ಪೆ ಒಳಗಿನಿಂದ ವೆಯ್ಟಿನ ಕೆಳಗಿನ ತೂತಿಗೆ ಅಂಟಿಕೊಳ್ಳಲು ಎಷ್ಟು ಹೊತ್ತು ಬೇಕು? ಅಂಟಿಕೊಂಡರೆ ನಮ್ಮ ಕುಕ್ಕರಿನಲ್ಲಿ ಸೇಫ್ಟಿ ವಾಲ್ವಿನ ನಡುವಿನ ಲೋಹ ಕರಗಿ ಹಬೆ ಹೊರಗೆ ಹೋಗುತ್ತದೆ, ಬೇಳೆ ಗೋಡೆಗೆ ಚಿಮ್ಮುತ್ತದೆ, ತಾಯಿ ಬೈದುಕೊಳ್ಳುತ್ತಾರೆ. ಅವರ ಕುಕ್ಕರಿನಲ್ಲಿ ಹಿತ್ತಾಳೆ ಕರಗುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದದ್ದು ಯಾವುದೋ ಅದು ಹೋಗುತ್ತದೆ, ಮುಚ್ಚಳ ಅಥವಾ ಅದರ ಹಿಡಿ. ಅದರ ಮುಂದೆ ಯಾರು ಕೂತಿರುತ್ತಾರೆ ಎಂಬುದಷ್ಟೇ ಪ್ರಶ್ನೆ. ನಾಳೆಯೇ ಆಗಬೇಕೆಂದಿಲ್ಲ. ವರ್ಷದಲ್ಲಿ ಯಾವುದೋ ಒಂದು ದಿನ ಸಾಕು.

“ಏನು ಹಂಗೆ ನಿಂತಿದೀಯ?” ಎಂದರು ತಾಯಿ. “ಕುಕ್ಕರ್ ಏನು ಓಡಿ ಹೋಗುತ್ತಾ?”

“ಏನಿಲ್ಲಮ್ಮ.”

“ಮುಖ ನೋಡ್ಕೋ ಹೋಗು. ಸುಣ್ಣ ಬಳಿದ ಹಾಗಿದೆ.”

ಕುಕ್ಕರ್ ಕೂಗಿತು. ನಾನು ಹಿಂದಕ್ಕೆ ಹಾರಿಬಿದ್ದೆ. ತಾಯಿ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಭಾನುವಾರವಾದ್ದರಿಂದ ಬಸ್ಸು ಖಾಲಿಯಿತ್ತು. ಹೆಬ್ಬಾಳದ ಹತ್ತಿರ ಡ್ರೈವರ್ ಇಳಿದು ಟೀ ಕುಡಿಯಲು ಹೋದ. ನಾನು ಕಂಡಕ್ಟರಿಗೆ, “ಬೇಗ ಹೋಗ್ಬೇಕಿತ್ತು,” ಎಂದೆ. “ಭಾನುವಾರ ಯಾವ ಸ್ಕೂಲಮ್ಮ?” ಎಂದು ಅವನು ಬೀಡಿ ಹಚ್ಚಿದ.

ಮಸೀದಿಯ ಹಿಂದಿನ ಬೀದಿಯಲ್ಲಿ ಹಸಿರು ಗೇಟುಗಳು ಮೂರಿದ್ದವು. ಮೊದಲನೆಯದಕ್ಕೆ ಬೀಗ ಹಾಕಿತ್ತು. ಎರಡನೆಯದರ ಮುಂದೆ ನಿಂತಾಗ ಎಲ್ಲೋ ಕುಕ್ಕರ್ ಕೂಗಿತು. ಯಾವ ಮನೆಯದೆಂದು ತಿಳಿಯಲಿಲ್ಲ. ನಾನು ಮೂರನೆಯ ಗೇಟಿಗೆ ಓಡಿದೆ. ದೊಡ್ಡವಳಾದ ಮೇಲೆ ಬೀದಿಯಲ್ಲಿ ಓಡಿದ್ದು ಅದೇ ಮೊದಲು. ಬಾಗಿಲು ತೆರೆದವಳು ಆ ಹುಡುಗಿಯೇ. ನನ್ನನ್ನು ಕಂಡು ಅವಳ ಕಣ್ಣು ದೊಡ್ಡದಾಯಿತು.

“ಅಮ್ಮೀ, ಮಿಸ್,” ಎಂದು ಒಳಗೆ ಕೂಗಿ ಹೇಳಿದಳು.

“ಕುಕ್ಕರ್ ಎಲ್ಲಿ?” ಎಂದೆ.

ಒಲೆಯ ಮೇಲಿತ್ತು. ಕೆಳಗೆ ಉರಿ ಇತ್ತು. ವೆಯ್ಟು ಅಲುಗಾಡುತ್ತಿರಲಿಲ್ಲ. ಒಳಗೆ ಇನ್ನೂ ಒತ್ತಡ ಬಂದಿಲ್ಲವೋ, ಇಲ್ಲ ತೂತು ಕಟ್ಟಿಕೊಂಡಿದೆಯೋ, ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಅವಳ ತಾಯಿ ಅದರಿಂದ ಒಂದು ಮೊಳ ದೂರದಲ್ಲಿ ಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, “ಬನ್ನಿ ಟೀಚರಮ್ಮ, ಕೂತ್ಕೊಳ್ಳಿ,” ಎಂದು ಏಳಲು ಹೋದರು.

“ಒಲೆ ಆರಿಸಿ. ಎಲ್ಲರೂ ಹೊರಗೆ ಬನ್ನಿ.”

ನನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ನನಗೇ ಆಶ್ಚರ್ಯ. ಅವರು ಏನೂ ಕೇಳದೆ ಆರಿಸಿದರು. ನಾವು ಮೂವರೂ ಹಿತ್ತಲಿನಲ್ಲಿ ನಿಂತೆವು. ಹಜಾರದಲ್ಲಿ ಮಲಗಿದ್ದ ಅವಳ ಮಾಮು ಲುಂಗಿ ಸರಿಪಡಿಸಿಕೊಂಡು ಬಂದರು. ಹಿಂದಿನ ಸಂಜೆಯೇ ಬಂದಿದ್ದರಂತೆ. ಕಾಲು ಗಂಟೆ ಕಳೆದ ಮೇಲೆ ಅವರೇ ಒಳಗೆ ಹೋಗಿ ಬಟ್ಟೆಯಿಂದ ವೆಯ್ಟು ಎತ್ತಿದರು. ಸದ್ದೇ ಬರಲಿಲ್ಲ. ಮುಚ್ಚಳ ಸುಮ್ಮನೆ ಬಿಚ್ಚಿಕೊಂಡಿತು.

“ಇನ್ನೂ ಉಗುರು ಬೆಚ್ಚಗೂ ಆಗಿಲ್ಲ,” ಎಂದರು ತಾಯಿ ಒಳಗಿನ ಮಾಂಸ ನೋಡಿ. “ಈಗಷ್ಟೇ ಇಟ್ಟಿದ್ದೆ. ಏನಾಯ್ತು ಟೀಚರಮ್ಮ?”

ನಾನು ಬೋಲ್ಟನ್ನು ತೋರಿಸಿದೆ. ಅದು ಇರುವವರೆಗೆ ಇದರಲ್ಲಿ ಅಡುಗೆ ಮಾಡಬಾರದು, ವೆಯ್ಟಿನ ತೂತು ಕಟ್ಟಿಕೊಂಡರೆ ಕುಕ್ಕರೇ ಒಡೆಯುತ್ತದೆ ಎಂದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಗಳ ಕಡೆ ತಿರುಗಿ ಅವಳ ರಟ್ಟೆ ಹಿಡಿದರು.

“ಮಿಸ್ ಒಂದು ಹೇಳಿದ್ರೆ ನೀನು ಇನ್ನೊಂದು ಮಾಡಿಸ್ಕೊಂಡು ಬರ್ತೀಯಾ? ತಲೇಲಿ ಏನಿದೆ ನಿಂಗೆ? ನಾಳೆಯಿಂದ ಸ್ಕೂಲೇ ಬೇಡ, ಮನೇಲಿ ಬಿದ್ದಿರು.”

ಹುಡುಗಿ ನೆಲ ನೋಡುತ್ತಿದ್ದಳು. ಅವಳು ನನ್ನ ಮೇಲೆ ಹೇಳುವುದಿಲ್ಲ ಎಂಬುದು ನನಗೆ ಗೊತ್ತಾಯಿತು. ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಅವಳನ್ನ ಬಿಡಿ,” ಎಂದೆ. “ಅವಳು ನಾನು ಹೇಳಿದ್ದನ್ನೇ ಮಾಡಿಸಿದಾಳೆ. ಇದನ್ನ ಪೂರ್ತಿ ಮುಚ್ಚಿಸ್ಕೊಂಡು ಬಾ ಅಂದೋಳು ನಾನೇ. ತಪ್ಪು ನಂದು.”

ತಾಯಿಯ ಕೈ ಸಡಿಲವಾಯಿತು. ಮಾಮು ಮುಚ್ಚಳವನ್ನು ಬೆಳಕಿಗೆ ಹಿಡಿದು ತಮ್ಮ ಕೆಲಸವನ್ನೇ ನೋಡುತ್ತಿದ್ದರು.

“ನಂಗೆ ಗೊತ್ತಿತ್ತು ಮೇಡಂ,” ಎಂದರು.

“ಏನು ಗೊತ್ತಿತ್ತು?”

“ಇದನ್ನ ಮುಚ್ಚಬಾರದು ಅಂತ. ನಾನು ರಾಯಚೂರಲ್ಲಿ ಕಲ್ಲಿದ್ದಲು ಪ್ಲಾಂಟ್ ಕಟ್ಟೋವಾಗ ಬಾಯ್ಲರ್ ಹತ್ರ ಎರಡು ವರ್ಷ ಇದ್ದೆ, ಕಾಂಟ್ರಾಕ್ಟರ್ ಕೈಕೆಳಗೆ. ಹಂಗೇ ಹೇಳ್ದೆ ಇವಳಿಗೆ. ಮಿಸ್ ಮುಚ್ಚಿಸು ಅಂದಿದಾರೆ ಅಂದ್ಲು. ಎಂ.ಎಸ್ಸಿ. ಓದಿರೋರು, ಏನೋ ಲೆಕ್ಕ ಇರುತ್ತೆ, ನಮಗೇನು ತಿಳಿಯುತ್ತೆ ಅಂದ್ಕೊಂಡೆ. ಮುಚ್ಚೋದಾದ್ರೆ ಸರಿಯಾಗೇ ಮುಚ್ಚೋಣ ಅಂತ ಹೊಸಾ ಬೋಲ್ಟೇ ಕಡೆದು ಹಾಕ್ದೆ. ಮನೇಗೆ ವಾಪಸ್ ಬರುತ್ತೆ ಅಂತ ಯೋಚನೇನೇ ಬರ್ಲಿಲ್ಲ.”

ಹಿಂದಿನ ದಿನ ಬೋಲ್ಟು ಕಂಡಾಗ ಆದ ಭಯಕ್ಕೂ ಈ ಮಾತು ಕೇಳಿ ಆದ ಭಯಕ್ಕೂ ವ್ಯತ್ಯಾಸವಿತ್ತು. ಆ ಭಯ ನೂರನಲವತ್ತು ಎಣಿಸಿದ ಮೇಲೆ ಇಳಿದಿತ್ತು, ಇದು ಇಳಿಯುವಂಥದ್ದಲ್ಲ. ತಿಳಿದವರೊಬ್ಬರು ನನ್ನ ಡಿಗ್ರಿಗೆ ಅಂಜಿ ತಮ್ಮ ತಿಳಿವಳಿಕೆಯನ್ನು ಬದಿಗಿಟ್ಟಿದ್ದರು. ಇನ್ನು ಎಷ್ಟು ವರ್ಷ ನಾನು ಪಾಠ ಹೇಳಬೇಕೋ, ಎಷ್ಟು ಮನೆಗಳಿಗೆ ನನ್ನ ಮಾತು ಹೀಗೆ ಹೋಗುತ್ತದೆಯೋ.

ಮಾಮು ಚೀಲದಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಚ್ಚಿದರು. ಸಂಜೆ ಹೊಸ ವಾಲ್ವ್ ತಂದು ಹಾಕುತ್ತೇನೆ ಎಂದರು. ಅವಳ ತಾಯಿ ಮಾಂಸವನ್ನು ದೊಡ್ಡ ಡೇಗ್ ಪಾತ್ರೆಗೆ ಸುರಿದು, “ಅರ್ಧ ಗಂಟೇಲಿ ಬೇಯಬೇಕಾದ್ದು ಇನ್ನು ಎರಡು ಗಂಟೆ ಹಿಡಿಯುತ್ತೆ. ಹಸ್ಕೊಂಡಿರಿ ಎಲ್ಲ,” ಎಂದು ಒಲೆ ಹಚ್ಚಿದರು. ಕೋಪ ಪೂರ್ತಿ ಇಳಿದಿರಲಿಲ್ಲ. ಆದರೆ ನನಗೆ ಟೀ ಕೊಟ್ಟರು.

ನಾನು ಹೊರಡಲಿಲ್ಲ. ಹುಡುಗಿಯಿಂದ ಒಂದು ನೋಟ್‌ಬುಕ್ ಇಸಿದುಕೊಂಡು ಚಾಪೆಯ ಮೇಲೆ ಕೂತು, ಬಾಯ್ಲರಿನಲ್ಲಿ ಸೇಫ್ಟಿ ವಾಲ್ವ್ ಎಲ್ಲಿರುತ್ತದೆ, ಯಾವಾಗ ತೆರೆಯುತ್ತದೆ ಎಂದು ಅವಳ ಮಾಮುವನ್ನು ಕೇಳಿದೆ. ಅವರು ಮೊದಲು ನಾಚಿಕೊಂಡರು. ಆಮೇಲೆ ಹೇಳಿದರು. ಬಾಯ್ಲರಿನ ನೆತ್ತಿಯಲ್ಲಿ ಒಂದಲ್ಲ, ಹಲವು ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು. ತೆರೆದಾಗ ಎದುರಿಗೆ ನಿಂತವರ ಮಾತು ಕೇಳಿಸುವುದಿಲ್ಲ, ದೂರದ ಹಳ್ಳಿಯವರು ಏನೋ ಒಡೆಯಿತೆಂದು ಹೆದರುತ್ತಾರೆ. “ನಾವು ಹೆದರ್ತಿರ್ಲಿಲ್ಲ. ಅದು ಕೂಗಿದ್ರೆ ಎಲ್ಲಾ ಸರಿಯಾಗಿದೆ ಅಂತ ಅರ್ಥ. ಕೂಗ್ಬೇಕಾದಾಗ ಕೂಗ್ದೆ ಇದ್ರೆ ಓಡ್ಬೇಕು.”

ನಾನು ಬರೆದುಕೊಂಡದ್ದನ್ನು ಅವರಿಗೆ ಓದಿ ಹೇಳಿದೆ. ಒಂದು ಕಡೆ ಅವರು ಕೈ ಎತ್ತಿ, “ಹಂಗಲ್ಲ ಮೇಡಂ,” ಎಂದರು. ನಾನು ಆ ಸಾಲನ್ನು ಹೊಡೆದುಹಾಕಿ, ಅವರು ಹೇಳಿದ ಹಾಗೆ ಮತ್ತೆ ಬರೆದೆ.